ಚೌಬಾರದ ಬಳಿ ಅಟ್ಟೆ ಹೊಲಿದುಕೊಟ್ಟ ಹಿರಿಯರಿಗೆ

ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ದೇಹದ ಚಲನೆ ಮತ್ತು ಬಲಗಳ ಅಧ್ಯಯನವಾದ ಬಯೋಮೆಕ್ಯಾನಿಕ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದ ನನಗೆ ಓಟವೂ ಹಳೆಯ ಕೋಟೆಗಳ ಸುತ್ತಾಟವೂ ಓದಿನಷ್ಟೇ ಪ್ರಿಯ. ಬೀದರ್ ಕೋಟೆ ನೋಡಿ, ಊರೊಳಗಿನ ಹಳೆಯ ಕಾವಲು ಗೋಪುರವಾದ ಚೌಬಾರದತ್ತ ಬರುವಾಗ ಬಲಗಾಲಿನ ಶೂ ಅಟ್ಟೆ ಕಿತ್ತುಬಂದಿತು, ರೈಲಿಗೆ ಹೊತ್ತಾಗುತ್ತಿತ್ತು. ರಸ್ತೆ ಬದಿಯಲ್ಲಿ ಪಾದರಕ್ಷೆ ದುರಸ್ತಿ ಮಾಡುತ್ತಿದ್ದ ಹಿರಿಯರೊಬ್ಬರು, ಬಿಸಿಲಿಗೆ ಕಾದ ನೆಲ ಸುಡದಿರಲೆಂದು ತಮ್ಮ ಚಪ್ಪಲಿಯನ್ನೇ ನನ್ನತ್ತ ಸರಿಸಿ, ದಾರಕ್ಕೆ ಮೇಣ ತೀಡಿ ಹೊಲಿಯತೊಡಗಿದರು. ಹಿಮ್ಮಡಿಯ ಹೊರ ಅಂಚನ್ನು ಹೆಬ್ಬೆರಳಿನಿಂದ ಸವರಿ, "ಭಾರ ಇಲ್ಲೇ ಬೀಳ್ತದ ನೋಡ್ರಿ" ಎಂದರು. ನಡೆಯುವಾಗ ಸಾಮಾನ್ಯವಾಗಿ ಆ ಭಾಗವೇ ಮೊದಲು ನೆಲ ಮುಟ್ಟುತ್ತದೆ, ಓಡುವಾಗ ದೇಹತೂಕದ 2ರಿಂದ 3 ಪಟ್ಟು ಬಲ ಪಾದದ ಮೇಲೆ ಬೀಳುತ್ತದೆ ಎಂಬುದನ್ನು ನಾನು ಕಲಿತದ್ದು ಪಾದ ಒತ್ತುವ ಬಲವನ್ನು ಅಳೆಯುವ ಪ್ರಯೋಗಾಲಯದ ಫೋರ್ಸ್ ಪ್ಲೇಟ್ ಮೇಲೆ! ಹಿಮ್ಮಡಿಯ ಆ ಅಂಚಿಗೊಂದು ಚರ್ಮದ ತುಂಡು ಕೂಡಿಸಿದ ಅವರು, ಹೊಲಿಗೆಗಷ್ಟೇ ಹಣ ತೆಗೆದುಕೊಂಡರು. ರೈಲು ಸಿಕ್ಕಿತು. ಹೆಸರು ತಿಳಿಯದ ಆ ಹಿರಿಯರಿಗೆ ನನ್ನ ಧನ್ಯವಾದಗಳು.