ದೇಹದ ಅಳತೆಗೆ ಎರಡು ಟಿಕೆಟ್ ಏಕೆ?

ಮಾನ್ಯ ಸಂಪಾದಕರೇ,

ದಪ್ಪ ಮೈಕಟ್ಟಿನ ಪ್ರಯಾಣಿಕರು ಎರಡು ಆಸನಗಳಿಗೆ ಹಣ ತೆರಬೇಕೆಂಬ ವಿಮಾನಯಾನ ಸಂಸ್ಥೆಗಳ ನಿಯಮ ಮರುಪರಿಶೀಲನೆಗೆ ಅರ್ಹವಾಗಿದೆ. ಎಕಾನಮಿ ದರ್ಜೆಯ ಆಸನದ ಅಗಲ ಸಾಮಾನ್ಯವಾಗಿ 17ರಿಂದ 18 ಇಂಚು ಮಾತ್ರ. ನಡುವಿನ ಕೈಯೊರಗು ಪೂರ್ತಿ ಕೆಳಗಿಳಿಯದಿದ್ದರೆ ಎಲ್ಲರೆದುರು ಮುಜುಗರ ಅನುಭವಿಸಬೇಕಾದವರು ಪ್ರಯಾಣಿಕರೇ ಹೊರತು ಆಸನವನ್ನು ಆ ಅಳತೆಗೆ ಇಳಿಸಿದವರಲ್ಲ. ಪಕ್ಕದವರ ಅನನುಕೂಲವೂ ಸುಳ್ಳಲ್ಲ, ಅವರೂ ಇಡೀ ಆಸನಕ್ಕೇ ಹಣ ಕೊಟ್ಟವರು.

ಹೆಚ್ಚುವರಿ ಆಸನದ ಹಣವನ್ನು ಮರಳಿಸುತ್ತಿದ್ದ ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆಯೂ 2026ರ ಜನವರಿಯಿಂದ, ವಿಮಾನದಲ್ಲಿ ಕನಿಷ್ಠ ಒಂದು ಆಸನ ಖಾಲಿ ಉಳಿದಿರಬೇಕೆಂಬ ಷರತ್ತು ಹಾಕಿದೆ. ಹೊರಡುವ ತನಕ ಅದು ಯಾರಿಗೆ ಗೊತ್ತಿರುತ್ತದೆ? ಕೆನಡಾದ ಸಾರಿಗೆ ನಿಯಂತ್ರಣ ಸಂಸ್ಥೆಯಾದರೋ, ಸ್ಥೂಲಕಾಯದಿಂದ ಅಂಗವೈಕಲ್ಯ ಹೊಂದಿದವರಿಗೆ ದೇಶದೊಳಗಿನ ಹಾರಾಟಗಳಲ್ಲಿ ‘ಒಬ್ಬರಿಗೆ ಒಂದೇ ದರ’ ಅನ್ವಯಿಸಬೇಕೆಂದು ಅಲ್ಲಿನ ಪ್ರಮುಖ ಸಂಸ್ಥೆಗಳಿಗೆ 2008ರಲ್ಲೇ ಆದೇಶಿಸಿತ್ತು. ಉಳಿದೆಡೆ, ಟಿಕೆಟ್ ಕಾಯ್ದಿರಿಸುವಾಗಲೇ ಆಸನದ ನಿಖರ ಅಗಲವನ್ನು ತಿಳಿಸುವುದಾದರೂ ಕಡ್ಡಾಯವಾಗಲಿ.

– ಒಬ್ಬ ಓದುಗ