‘ಇನ್ನು ಸ್ವಲ್ಪ ಹತ್ತಿರ ಹೋಗಪ್ಪಾ’ ಅನ್ನುವ ನಮ್ಮಂಥವರ ಬಗ್ಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ ಎರಡು ಬಗೆಯ ಸುದ್ದಿ ಕಾಣುತ್ತವೆ. ಒಂದು, ಸುಡುಬಿಸಿಲಿನ ನಡುವೆ ಬಿದ್ದ ಆಲಿಕಲ್ಲು, ಮೈದಾನದಲ್ಲಿ ಎದ್ದ ಸುಳಿಗಾಳಿ, ರಸ್ತೆಯ ಈ ಬದಿ ಸುರಿದು ಆ ಬದಿ ಸುರಿಯದ ಮಳೆ. ಇನ್ನೊಂದು, ಎಲ್ಲೋ ಒಂದು ಸಣ್ಣ ವಿಮಾನ ‘ಏರ್ ಪಾಕೆಟ್‌ಗೆ ಸಿಕ್ಕು’ ಕುಸಿಯಿತು ಅನ್ನುವುದು. ಮೊದಲನೆಯದನ್ನು ನಾನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತೇನೆ. ಎರಡನೆಯದನ್ನು ಓದಿದರೆ ಸಿಟ್ಟು ಬರುತ್ತದೆ. ಗಾಳಿಯಲ್ಲಿ ಪಾಕೆಟ್ಟೂ ಇಲ್ಲ, ಗುಂಡಿಯೂ ಇಲ್ಲ. ಇರುವುದು ಕೆಳಕ್ಕೆ ಇಳಿಯುವ ಗಾಳಿ. ಆ ಗಾಳಿ ಎಲ್ಲಿಂದ ಬಂತು ಅಂತ ನೋಡಹೋದರೆ, ಬಹಳ ಸಲ ಮೊದಲನೇ ಸುದ್ದಿಯ ಮೋಡವೇ ಸಿಗುತ್ತದೆ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಗಣಿತ ಕಲಿಸಿ ನಿವೃತ್ತಳಾದವಳು. ಹವಾಮಾನದ ಹುಚ್ಚಿ. 22 ವರ್ಷಗಳಿಂದ ತಾರಸಿಯ ಮೇಲೆ ಮಳೆಮಾಪಕ, ಥರ್ಮಾಮೀಟರ್, ಗಾಳಿಯ ವೇಗ ಅಳೆಯುವ ಬಟ್ಟಲುಗಳು ಇವೆ. ನನ್ನಂಥವರದೇ ಒಂದು ಗುಂಪೂ ಇದೆ. ಮೋಡ ಕಪ್ಪಾದರೆ ಉಳಿದವರು ಒಳಗೆ ಓಡುತ್ತಾರೆ, ನಾವು ಕ್ಯಾಮೆರಾ ಹಿಡಿದು ಹೊರಗೆ ಓಡುತ್ತೇವೆ. ನನ್ನ ತಮ್ಮನ ಮಗನ ಹತ್ತಿರ ಖಾಸಗಿ ಪೈಲಟ್ ಲೈಸೆನ್ಸ್ ಇದೆ. ಕ್ಲಬ್ಬಿನ ನಾಲ್ಕು ಸೀಟಿನ ವಿಮಾನವನ್ನು ಗಂಟೆ ಲೆಕ್ಕದ ಬಾಡಿಗೆಗೆ ಪಡೆದು ಹಾರಿಸುತ್ತಾನೆ. ಮೋಡದ ಹುಚ್ಚಿ ಅತ್ತೆಗೆ ವಿಮಾನ ಹಾರಿಸುವ ಸೋದರಳಿಯ. ಅಪಾಯ ಎಲ್ಲಿದೆ ಅಂತ ಗೊತ್ತಾಯಿತಲ್ವಾ?

ಮೊದಲ ಸಲ ಅವನ ಜೊತೆ ಹಾರಲು ಹೋದದ್ದು ಬೇಸಿಗೆಯ ಒಂದು ಮಧ್ಯಾಹ್ನ. ನಾವು ಮೂವರು, ಅವನು ಸೇರಿ ನಾಲ್ವರು. ಸೀಟು ನಾಲ್ಕು, ಜನ ನಾಲ್ಕು, ಲೆಕ್ಕ ಸರಿ ಅಂದುಕೊಂಡಿದ್ದೆ. ಅವನು ಎಲ್ಲರೆದುರೇ, “ಅತ್ತೆ, ನಿಮ್ಮ ತೂಕ ಎಷ್ಟು? ನಿಜ ಹೇಳಿ” ಅಂದ. ನಾಲ್ಕು ಕೆ.ಜಿ. ಕಮ್ಮಿ ಹೇಳಿದೆ. ಅವನು ನನ್ನನ್ನೇ ನೋಡಿದ. ಸರಿ, ನಿಜ ಹೇಳಿದೆ. ಬ್ಯಾಗುಗಳನ್ನೂ ತೂಗಿದ. ಕಾಗದದ ಮೇಲೆ ಏನೋ ಕೂಡಿಸಿ, ಗ್ರಾಫಿನಲ್ಲಿ ಬೆರಳಿಟ್ಟು, “ಒಬ್ಬರು ಇಳೀಬೇಕು. ಇಲ್ಲಾಂದ್ರೆ ಸಂಜೆ ಬನ್ನಿ” ಅಂದ. ನಮ್ಮ ಗುಂಪಿನ ಒಬ್ಬರಿಗೆ ಮುಖ ಇಷ್ಟುದ್ದ ಆಯಿತು.

ಅವನ ಲೆಕ್ಕ ಇದು. ರನ್‌ವೇ ಸಮುದ್ರಮಟ್ಟದಿಂದ 3000 ಅಡಿ ಎತ್ತರದಲ್ಲಿದೆ ಅನ್ನೋಣ. ವಿಮಾನದವರ ಲೆಕ್ಕದ ಮಾದರಿ ವಾತಾವರಣದಲ್ಲಿ ಸಮುದ್ರಮಟ್ಟಕ್ಕೆ 15 ಡಿಗ್ರಿ ಸೆಲ್ಸಿಯಸ್. ಮೇಲೆ ಹೋದಂತೆ ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಕಮ್ಮಿ. ಅಂದರೆ 3000 ಅಡಿಗೆ 9 ಡಿಗ್ರಿ ಇರಬೇಕು. ಆದರೆ ಬೇಸಿಗೆಯ ಮಧ್ಯಾಹ್ನ 36 ಇದೆ, 27 ಡಿಗ್ರಿ ಜಾಸ್ತಿ. ಒಂದೊಂದು ಡಿಗ್ರಿಗೂ ಸುಮಾರು 120 ಅಡಿ ಸೇರಿಸಬೇಕು. 27 ಸಲ 120 ಅಂದರೆ 3240. ಅದನ್ನು 3000ಕ್ಕೆ ಕೂಡಿಸಿದರೆ, ನೆಲದ ಮೇಲೆ ನಿಂತಿರುವ ವಿಮಾನಕ್ಕೆ ತಾನು ಸುಮಾರು 6200 ಅಡಿ ಎತ್ತರದಲ್ಲಿ ಇದ್ದಂತೆ ಅನಿಸುತ್ತದೆ! ಇದಕ್ಕೆ ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುತ್ತಾರೆ. ಬಿಸಿ ಗಾಳಿ ತೆಳು. ಎಂಜಿನ್ನಿಗೆ ಉಸಿರು ಸಾಲದು, ಪ್ರೊಪೆಲ್ಲರ್‌ಗೆ ಹಿಡಿತ ಸಾಲದು, ರೆಕ್ಕೆಗೆ ಆಸರೆ ಸಾಲದು. ಮೂರೂ ಒಟ್ಟಿಗೆ ಸೊರಗುತ್ತವೆ. ಓಟ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ, ರನ್‌ವೇ ಮುಗಿದಲ್ಲಿ ಇರುವ ಮರ ಮಾತ್ರ ಅಷ್ಟೇ ಎತ್ತರ ಇರುತ್ತದೆ.

ಸೆಕೆಯೂ ಇದ್ದರೆ ಇನ್ನೂ ಕಷ್ಟ. ಬೆವರಿನ ದಿನ ‘ಗಾಳಿ ಭಾರವಾಗಿದೆ’ ಅನ್ನುತ್ತೇವೆ. ನಿಜ ಉಲ್ಟಾ. ನೀರಿನ ಅಣುವಿನ ತೂಕ 18, ಒಣ ಗಾಳಿಯದು ಸರಾಸರಿ 29. ಆವಿ ತುಂಬಿದ ಗಾಳಿಯೇ ಹಗುರ. ಇಷ್ಟು ವರ್ಷ ತೇವಾಂಶ ಅಳೆದವಳು ನಾನು, ಇದನ್ನು ನನಗೆ ಹೇಳಲು ಸೋದರಳಿಯ ಬೇಕಾಯಿತು.

ಅಂದಹಾಗೆ, ನಾಲ್ಕು ಸೀಟು ಅಂದರೆ ನಾಲ್ಕು ಜನ ಅಂತಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ವಿಮಾನ ಸೆಸ್ನಾ 172. 1955ರಲ್ಲಿ ಮೊದಲು ಹಾರಿತು, ಇಲ್ಲಿಯವರೆಗೆ 44,000ಕ್ಕೂ ಜಾಸ್ತಿ ಬಂದಿವೆ. ಅದರಲ್ಲೂ ಟ್ಯಾಂಕ್ ತುಂಬಿಸಿದರೆ ಸಾಮಾನ್ಯವಾಗಿ ಮೂರು ದೊಡ್ಡವರಿಗಷ್ಟೇ ಲೆಕ್ಕ ಕೂಡುತ್ತದೆ.

ಈಗ ಈ ಪತ್ರಕ್ಕೆ ಕಾರಣವಾದ ದಿನಕ್ಕೆ ಬರುತ್ತೇನೆ. ಹೋದ ಬೇಸಿಗೆ. ಸಂಜೆ ನಾಲ್ಕು ಗಂಟೆ. ಪಶ್ಚಿಮಕ್ಕೆ ಹೂಕೋಸಿನಂಥ ಮೋಡ ಕಣ್ಣೆದುರೇ ಬೆಳೆಯುತ್ತಿತ್ತು. ತುದಿ ಇನ್ನೂ ಚಪ್ಪಟೆಯಾಗಿರಲಿಲ್ಲ, ಅಂಚು ಕತ್ತರಿಸಿದ ಹಾಗೆ ಚೂಪಾಗಿತ್ತು. ಅಂದರೆ ಒಳಗೆ ಗಾಳಿ ಜೋರಾಗಿ ಏರುತ್ತಿದೆ. ನಮ್ಮ ತಲೆಯ ಮೇಲೆ ಮಾತ್ರ ನೀಲಿ ಆಕಾಶ. ವಿಮಾನ ಸಿದ್ಧವಾಗಿ ನಿಂತಿತ್ತು. “ಪಕ್ಕದಲ್ಲಿ ಒಂದು ಸುತ್ತು ಹಾಕಿಸಪ್ಪಾ, ಒಳಗೆ ಹೋಗೋದೇನೂ ಬೇಡ” ಅಂದೆ. ಗುಂಪಿನ ಇನ್ನಿಬ್ಬರು ಫೋನಿನಲ್ಲಿ ರೇಡಾರ್ ಚಿತ್ರ ತೆರೆದು ದನಿಗೂಡಿಸಿದರು. “ನೋಡಿ, ಅದು ಇನ್ನೂ ದೂರ ಇದೆ. ನಡುವೆ ದೊಡ್ಡ ಖಾಲಿ ಜಾಗ ಇದೆ.” ಒಬ್ಬರಂತೂ, “ನಾವು ಹವಾಮಾನ ಗೊತ್ತಿರೋರು, ನಿಮಗೆ ದಾರಿ ಹೇಳ್ತೀವಿ” ಅಂದುಬಿಟ್ಟರು.

ಅವನು ಬೀಗದ ಕೈ ಜೇಬಿಗೆ ಹಾಕಿಕೊಂಡ. “ಅತ್ತೆ, ಕೆಳಗೆ ನಿಂತ್ರೆ ನೀವು ಅದನ್ನ ನೋಡ್ತೀರ. ಮೇಲೆ ಹೋದ್ರೆ ಅದು ನಿಮ್ಮನ್ನ ನೋಡ್ಕೊಳ್ಳುತ್ತೆ” ಅಂದ.

ನಾನು ಮುಖ ಊದಿಸಿಕೊಂಡೆ, ಸುಳ್ಳೇಕೆ. ಬೆಂಚಿನ ಮೇಲೆ ಕೂತು ಕೈಯಲ್ಲಿದ್ದ ಸಣ್ಣ ಮಾಪಕ ನೋಡುತ್ತಿದ್ದೆ. ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ: 4:40ಕ್ಕೆ 35 ಡಿಗ್ರಿ, ಎಲೆ ಅಲುಗುತ್ತಿಲ್ಲ. 4:52ಕ್ಕೆ 24 ಡಿಗ್ರಿ, ಗಾಳಿ ಗಂಟೆಗೆ 70 ಕಿ.ಮೀ., ದಿಕ್ಕು ಪೂರ್ತಿ ತಿರುಗಿದೆ, ಧೂಳು. ಮಳೆ: ಇಲ್ಲ. ಮೊದಲ ಹನಿ ಬಿದ್ದದ್ದು ಐದೂಕಾಲಿಗೆ. ಕಟ್ಟಿಹಾಕಿದ್ದ ವಿಮಾನ ಹಗ್ಗ ಜಗ್ಗುತ್ತಾ ಒಂದು ರೆಕ್ಕೆ ಎತ್ತಿ ಎತ್ತಿ ಇಳಿಸುತ್ತಿತ್ತು. ಮೋಡ ಇನ್ನೂ ದೂರವೇ ಇತ್ತು. ಅದರೊಳಗೆ ತಣ್ಣಗಾಗಿ ಕೆಳಗೆ ಬಿದ್ದ ಗಾಳಿ ನೆಲ ಮುಟ್ಟಿ, ಚೆಲ್ಲಿದ ನೀರಿನ ಹಾಗೆ ಹರಡಿಕೊಂಡು, ಮಳೆಗಿಂತ ಎಷ್ಟೋ ಮುಂಚೆ ನಮ್ಮನ್ನು ತಲುಪಿತ್ತು. ಗಸ್ಟ್ ಫ್ರಂಟ್ ಅಂದರೆ ಇದೇ. ನಾವು ಹೊರಟಿದ್ದರೆ ಆ 12 ನಿಮಿಷಗಳಲ್ಲಿ ಎಲ್ಲಿರುತ್ತಿದ್ದೆವು? ಬಹುಶಃ ಇಳಿಯಲು ವಾಪಸ್ ಬರುತ್ತಿದ್ದೆವು.

ಆ ರೇಡಾರ್ ಚಿತ್ರದ ‘ಖಾಲಿ ಜಾಗ’ದ ಬಗ್ಗೆ ನಮ್ಮ ಗುಂಪಿನವರಿಗೆ ಸ್ವಲ್ಪ ಜೋರಾಗಿಯೇ ಹೇಳಬೇಕು. ಪರದೆಯ ಮೇಲೆ ಕಾಣುವುದು ಈಗಿನ ಮೋಡವಲ್ಲ. ಬೇರೆ ಬೇರೆ ರೇಡಾರ್‌ಗಳ ಮಾಹಿತಿ ಹೊಲಿದು ಒಂದು ಚಿತ್ರ ಮಾಡುತ್ತಾರೆ, ಅದಕ್ಕೆ ಸಮಯ ಹಿಡಿಯುತ್ತದೆ. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲಿ ಪೈಲಟ್‌ಗಳಿಗೆ ಇದನ್ನೇ ಎಚ್ಚರಿಸಿತು. ಕಾಕ್‌ಪಿಟ್ಟಿನ ಪರದೆ ‘ಈ ಚಿತ್ರ ಇಷ್ಟು ನಿಮಿಷ ಹಳೆಯದು’ ಅಂತ ತೋರಿಸಿದರೂ, ಕೆಲವು ಸಂದರ್ಭಗಳಲ್ಲಿ ಒಳಗಿನ ಮಾಹಿತಿ ಅದಕ್ಕಿಂತ 15ರಿಂದ 20 ನಿಮಿಷ ಹಳೆಯದಾಗಿರಬಹುದು. ಅಷ್ಟರಲ್ಲಿ ಬೇಸಿಗೆಯ ಮೋಡ ಹೂಕೋಸಿನಿಂದ ಗುಡುಗಿನವರೆಗೆ ಬೆಳೆದುಬಿಡುತ್ತದೆ. ಮನೆಯಲ್ಲಿ ಒಣಹಾಕಿದ ಬಟ್ಟೆ ತೆಗೆಯಲು ಆ ಚಿತ್ರ ಸಾಕು. ಎರಡು ಗುಡುಗು ಮೋಡಗಳ ನಡುವೆ ದಾರಿ ಹುಡುಕಲು ಅಲ್ಲ.

ಅನುಭವಿಗಳಿಗೆ ಇದೆಲ್ಲ ತಾಗದು ಅಂತ ಯಾರಾದರೂ ಅಂದರೆ ನಾನು ಸ್ಕಾಟ್ ಕ್ರಾಸ್‌ಫೀಲ್ಡ್ ಹೆಸರು ಹೇಳುತ್ತೇನೆ. 1953ರಲ್ಲಿ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಿದ ಮೊದಲ ಮನುಷ್ಯ. ಎಕ್ಸ್-15 ರಾಕೆಟ್ ವಿಮಾನ ಹಾರಿಸಿದವರು. ಅವರು ತೀರಿಕೊಂಡದ್ದು 2006ರ ಏಪ್ರಿಲ್ 19ರಂದು, ತಮ್ಮ ಸಣ್ಣ ಸೆಸ್ನಾ 210ರಲ್ಲಿ, ಅಮೆರಿಕದ ಜಾರ್ಜಿಯಾದ ಮೇಲೆ, ಗುಡುಗು ಮಳೆಯೊಳಗೆ. ದಾರಿಯಲ್ಲಿ ಹೊಸ ಹವಾಮಾನ ಮಾಹಿತಿ ಪಡೆಯಲಿಲ್ಲ, ವಾಯು ಸಂಚಾರ ನಿಯಂತ್ರಕರೂ ಹೇಳಲಿಲ್ಲ ಎಂದು ತನಿಖೆ ಹೇಳಿತು. ಈ ಸಂಗತಿ ಓದಿದ ದಿನ ನಾನು ಸೋದರಳಿಯನಿಗೆ ಫೋನ್ ಮಾಡಿದೆ. ಮುಖ ಊದಿಸಿಕೊಂಡದ್ದಕ್ಕೆ ಕ್ಷಮೆ ಅಂತ ಬಾಯಿ ಬಿಟ್ಟು ಹೇಳಲಿಲ್ಲ. ಅವನಿಗೆ ಅರ್ಥವಾಯಿತು.

ಮೋಡದೊಳಗೆ ಬೇಕಂತಲೇ ಹೋದವರೂ ಇದ್ದಾರೆ. ಅವರು ಹೇಗೆ ಹೋದರು ನೋಡಿ. 1946ರಲ್ಲಿ ಫ್ಲಾರಿಡಾದಲ್ಲಿ, 1947ರಲ್ಲಿ ಒಹಾಯೋದಲ್ಲಿ ನಡೆದ ಅಧ್ಯಯನದಲ್ಲಿ ಗುಡುಗು ಮೋಡಗಳೊಳಗೆ ಸಾವಿರಕ್ಕೂ ಹೆಚ್ಚು ಸಲ ನುಗ್ಗಿದರು. ಒಂದು ಮೋಡ ಬೆಳೆದು, ಸುರಿದು, ಸಾಯುವ ಮೂರು ಹಂತಗಳ ಪಾಠ ಬಂದದ್ದು ಅಲ್ಲಿಂದಲೇ. ಹೋದದ್ದು ಎರಡು ಎಂಜಿನ್ನಿನ, ಯುದ್ಧಕ್ಕೆ ಅಂತ ಕಟ್ಟಿದ ಪಿ-61 ವಿಮಾನಗಳಲ್ಲಿ. ಆಮೇಲೆ ಆಲಿಕಲ್ಲಿನ ಏಟು ತಡೆಯಲು ಕವಚ ತೊಡಿಸಿದ ಟಿ-28 ವಿಮಾನ ಬಂತು. ನಾವು ಹತ್ತಿರ ಹೋಗಬೇಕು ಅಂದದ್ದು ಕಾರಿನ ಬಾಗಿಲಿಗಿಂತ ತೆಳುವಾದ ಬಾಗಿಲಿನ ವಿಮಾನದಲ್ಲಿ. ತೀವ್ರ ಗುಡುಗು ಮೋಡದಿಂದ ಕನಿಷ್ಠ 20 ಮೈಲಿ, ಅಂದರೆ 32 ಕಿ.ಮೀ. ದೂರ ಇರಿ ಅನ್ನುವುದು ಪೈಲಟ್‌ಗಳಿಗೆ ಹೇಳಿಕೊಡುವ ಮಾತು. ಆಲಿಕಲ್ಲು ಮೋಡದ ಪಕ್ಕಕ್ಕೂ ಸಿಡಿಯುತ್ತದೆ, ಮಳೆಯೇ ಇಲ್ಲದ ಜಾಗದಲ್ಲಿ ಬೀಳುತ್ತದೆ. ನಾನು ಕೇಳಿದ ‘ಪಕ್ಕದಲ್ಲಿ ಒಂದು ಸುತ್ತು’ ಇದೇ ಜಾಗ.

ಇನ್ನೊಂದು ವಿಚಿತ್ರ ನಮಗೆ ತುಂಬ ಪ್ರೀತಿಯದು. ಮೋಡದ ಕೆಳಗೆ ಬೂದು ಎಳೆಗಳು ಇಳಿಬಿದ್ದಿರುತ್ತವೆ, ನೆಲ ಮುಟ್ಟುವ ಮೊದಲೇ ಮಾಯ. ಮಳೆ ದಾರಿಯಲ್ಲೇ ಆವಿಯಾಗಿದೆ. ಫೋಟೋಕ್ಕೆ ಇದಕ್ಕಿಂತ ಚೆಂದದ್ದಿಲ್ಲ. ಆದರೆ ಹನಿ ಆವಿಯಾಗುವಾಗ ಗಾಳಿಯ ಶಾಖ ಹೀರುತ್ತದೆ. ಗಾಳಿ ತಣ್ಣಗಾಗಿ, ಭಾರವಾಗಿ, ದಬ್ಬನೆ ಕೆಳಗೆ ಬೀಳುತ್ತದೆ. ಮೈಕ್ರೋಬರ್ಸ್ಟ್ ಅನ್ನುವುದು ಇದನ್ನೇ. ಇಳಿಯುತ್ತಿರುವ ವಿಮಾನಕ್ಕೆ ಮೊದಲು ಎದುರುಗಾಳಿ ಸಿಕ್ಕು ಅದು ಮೇಲೇಳುತ್ತದೆ. ಪೈಲಟ್ ಶಕ್ತಿ ತಗ್ಗಿಸುತ್ತಾನೆ. ಮರುಕ್ಷಣ ಮೇಲಿನಿಂದ ಒತ್ತುವ ಗಾಳಿ, ಅದರ ಬೆನ್ನಿಗೆ ಹಿಂದಿನಿಂದ ತಳ್ಳುವ ಗಾಳಿ. ರೆಕ್ಕೆಗೆ ಸಿಗಬೇಕಾದ ವೇಗ ಹೋಗಿಬಿಡುತ್ತದೆ. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ದೊಡ್ಡ ವಿಮಾನ ಹೀಗೆ ಬಿದ್ದ ಮೇಲೆ ಇದನ್ನು ಬಿಡಿಸಿ ತೋರಿಸಿದವರು ಟೆಟ್ಸುಯಾ ಫುಜಿತಾ, ಸುಂಟರಗಾಳಿಯ ಬಿರುಸು ಅಳೆಯುವ ಎಫ್ ಮಾಪನ ಕೊಟ್ಟವರು. 1983ರ ಆಗಸ್ಟ್ 1ರಂದು ವಾಷಿಂಗ್ಟನ್ ಬಳಿಯ ಆಂಡ್ರೂಸ್ ವಾಯುನೆಲೆಯಲ್ಲಿ ಅಧ್ಯಕ್ಷ ರೇಗನ್ ಅವರ ವಿಮಾನ ಇಳಿದ ಕೆಲವೇ ನಿಮಿಷಗಳಲ್ಲಿ ಇಂಥ ಗಾಳಿ ಎದ್ದು ಗಂಟೆಗೆ 240 ಕಿ.ಮೀ. ಮುಟ್ಟಿತು. ಸೆಸ್ನಾ 172 ಸಾಮಾನ್ಯವಾಗಿ ಸಾಗುವ ವೇಗವೇ ಸುಮಾರು 225.

ಬೇಸಿಗೆಯಲ್ಲಿ ಎಂಜಿನ್ನಿನೊಳಗೆ ಮಂಜುಗಡ್ಡೆ ಕಟ್ಟುತ್ತದೆ ಅಂದಾಗ ನಮ್ಮ ಗುಂಪಿನಲ್ಲಿ ನಕ್ಕವರಿದ್ದಾರೆ. ಕಟ್ಟುತ್ತದೆ. ಕಾರ್ಬ್ಯುರೇಟರ್‌ನ ಕಿರಿದಾದ ಗಂಟಲಲ್ಲಿ ಗಾಳಿ ಹಿಗ್ಗಿ, ಪೆಟ್ರೋಲು ಆವಿಯಾಗಿ, ಉಷ್ಣತೆ 30 ಡಿಗ್ರಿಗೂ ಜಾಸ್ತಿ ಇಳಿಯಬಹುದು. ತೇವ ಇದ್ದರೆ ಸಾಕು, ಹೊರಗೆ ಬೆವರು ಸುರಿಯುತ್ತಿರುವಾಗಲೇ ಒಳಗೆ ಐಸು. ಅದಕ್ಕೆ ಬಿಸಿಗಾಳಿಯ ಗುಂಡಿ ಇದೆ, ಎಳೆದರೆ ಕರಗುತ್ತದೆ. ಎಳೆಯುವುದು ನೆನಪಿರಬೇಕು, ಅಷ್ಟೇ. ಪಕ್ಕದಲ್ಲಿ ಕೂತವಳು ‘ಆ ಮೋಡ ನೋಡು, ಈ ಮೋಡ ನೋಡು’ ಅಂತ ಭುಜ ತಟ್ಟುತ್ತಿದ್ದರೆ ನೆನಪು ಎಲ್ಲಿರುತ್ತದೆ?

ಸಂಪಾದಕರೇ, ಸಣ್ಣ ವಿಮಾನ ಬಿದ್ದಾಗ ನಾವೆಲ್ಲ ಪೈಲಟ್ಟನ್ನು ಬೈಯುತ್ತೇವೆ. ಹಿಂದಿನ ಸೀಟಿನಲ್ಲಿ ಯಾರಿದ್ದರು, ಏನು ಕೇಳಿದರು ಅಂತ ವಿಚಾರಿಸುವುದಿಲ್ಲ. ಬೇರೆ ಪ್ರಯಾಣಿಕರು ಹೆದರಿ ‘ವಾಪಸ್ ಹೋಗೋಣ’ ಅನ್ನುತ್ತಾರೆ. ನಮ್ಮಂಥವರು ಖುಷಿಯಲ್ಲಿ ‘ಇನ್ನು ಸ್ವಲ್ಪ ಹತ್ತಿರ’ ಅನ್ನುತ್ತೇವೆ. ಅದೂ ನಮಗೆ ಗೊತ್ತಿದೆ ಅನ್ನುವ ದನಿಯಲ್ಲಿ. ಎಳೆಯ ಪೈಲಟ್‌ಗೆ ಹಿರಿಯರ ಆ ದನಿ ಮೀರುವುದು ಕಷ್ಟ. ನನ್ನ ಸೋದರಳಿಯ ಮೀರಿದ, ನನ್ನ ಅದೃಷ್ಟ. ನಮ್ಮ ಗುಂಪಿನಲ್ಲಿ ಈಗ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ವಿಮಾನದ ಹತ್ತಿರ ಹೋದ ಮೇಲೆ ಯಾರೂ ಫೋನಿನ ರೇಡಾರ್ ತೆರೆಯುವ ಹಾಗಿಲ್ಲ. ಹಾರುವುದು ಬೆಳಗ್ಗೆ ಮಾತ್ರ, ನೆಲ ಕಾಯುವ ಮೊದಲು. ಪೈಲಟ್ ಬೇಡ ಅಂದರೆ ಕಾರಣ ಕೇಳುವುದು ಮರುದಿನ. ಇಬ್ಬರು ಸದಸ್ಯರಿಗೆ ಇದು ಹಿಡಿಸಿಲ್ಲ. ಇರಲಿ.

ನಿಮ್ಮಲ್ಲಿ ಒಂದು ಕೋರಿಕೆ. ‘ಏರ್ ಪಾಕೆಟ್’ ಅನ್ನುವ ಪದವನ್ನು ದಯವಿಟ್ಟು ಬಿಟ್ಟುಬಿಡಿ. ಹತ್ತಿರದಲ್ಲಿ ಗುಡುಗು ಮೋಡ ಇತ್ತೇ, ಎಷ್ಟು ಡಿಗ್ರಿ ಬಿಸಿಲಿತ್ತು, ಗಾಳಿ ಯಾವ ದಿಕ್ಕಿನದು, ವಿಮಾನದಲ್ಲಿ ಎಷ್ಟು ಜನ ಇದ್ದರು ಅಂತ ಎರಡು ಸಾಲು ಸೇರಿಸಿ. ನಮ್ಮಂಥವರು ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತೇವೆ.

ಈ ಭಾನುವಾರ ಬೆಳಗ್ಗೆ ಆರೂವರೆಗೆ ಬರುತ್ತೀರಾ ಅಂತ ಸೋದರಳಿಯ ಕೇಳಿದ್ದಾನೆ. ಕ್ಯಾಮೆರಾ ಬ್ಯಾಗ್ ತೂಗಿ ಇಟ್ಟಿದ್ದೇನೆ, 4 ಕೆ.ಜಿ. 300 ಗ್ರಾಂ. ನನ್ನ ತೂಕವನ್ನೂ ಈ ಸಲ ಸರಿಯಾಗಿಯೇ ಬರೆದಿದ್ದೇನೆ.

ಇತಿ,
ನಿಮ್ಮ ಹಳೆಯ ಓದುಗರಲ್ಲಿ ಒಬ್ಬಳು