ಟೆಂಟ್ ದಂಡೆಯಿಂದ ಬ್ಯಾಣಕ್ಕೆ: ನಮ್ಮಲ್ಲಿಗೆ ಬರುವವರಿಗೆ ಒಂದು ಪತ್ರ

ನಮಸ್ಕಾರ.

ಶರಾವತಿ ಹಿನ್ನೀರಿನ ದಂಡೆಯಲ್ಲಿ ಟೆಂಟ್ ನಡೆಸುವ ಐದು ಮನೆಯವರು ನಾವು. ನಮ್ಮಲ್ಲಿಗೆ ಒಮ್ಮೆ ಬಂದು ಹೋದವರಿಗೂ, ಈ ಸಲ ಬರುವುದಕ್ಕೆ ಮುಂಗಡ ಕೊಟ್ಟವರಿಗೂ ಸೇರಿಸಿ ಬರೆಯುತ್ತಿದ್ದೇವೆ. ಮೊದಲು ವಿಷಯ ಹೇಳಿಬಿಡುತ್ತೇವೆ. ಈ ಅಕ್ಟೋಬರ್‌ನಿಂದ ನಮ್ಮ ಟೆಂಟ್‌ಗಳು ಶರಾವತಿ ಹಿನ್ನೀರಿನ ದಂಡೆಯ ಮೇಲೆ ಇರುವುದಿಲ್ಲ. ದಂಡೆಯಿಂದ ಸುಮಾರು 300 ಮೀಟರ್ ದೂರದಲ್ಲಿ, ನಮ್ಮ ಅಡಿಕೆ ತೋಟದ ಪಕ್ಕದ ಬ್ಯಾಣದಲ್ಲಿ, ಅಂದರೆ ತೋಟದವರು ಹುಲ್ಲಿಗೆಂದು ಬಿಟ್ಟುಕೊಂಡ ಬಯಲಿನಲ್ಲಿ ಇರುತ್ತವೆ. ಎಂಟು ಇದ್ದದ್ದು ಆರಕ್ಕೆ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಪೂರ್ತಿ ಬಂದ್.

ಸುದ್ದಿ ಕೇಳಿದ ಕೆಲವರು ಆಗಲೇ ಫೋನ್ ಮಾಡಿ ಬೇಜಾರು ತೋಡಿಕೊಂಡಿದ್ದಾರೆ. "ಟೆಂಟಿನ ಜಿಪ್ ತೆಗೆದರೆ ಎದುರಿಗೇ ನೀರು ಅಂತಲ್ವಾ ನಾವು ಬರ್ತಿದ್ದದ್ದು?" ಎಂದು ಒಬ್ಬರು ಕೇಳಿದರು. ಹೌದು, ಅದಕ್ಕೇ ಬರುತ್ತಿದ್ದಿರಿ. ಅದರ ಫೋಟೊ ತೋರಿಸಿಯೇ ನಾವೂ ಕರೆಯುತ್ತಿದ್ದೆವು. ಆ ಫೋಟೊ ತೆಗೆದದ್ದು ಅಕ್ಟೋಬರ್‌ನಲ್ಲಿ. ಅದನ್ನೇ ಹಾಕಿಕೊಂಡು ಏಪ್ರಿಲ್‌ಗೂ ಬುಕಿಂಗ್ ತೆಗೆದುಕೊಂಡೆವು. ಅದು ತಪ್ಪು. ಏಪ್ರಿಲ್‌ನಲ್ಲಿ ಬಂದವರಿಗೆ ಜಿಪ್ ತೆಗೆದರೆ ಕಂಡದ್ದು ಬಿರುಕು ಬಿಟ್ಟ ಕೆಸರು, ಬೊಡ್ಡೆ, ಅದರಾಚೆ ಅರ್ಧ ಕಿಲೋಮೀಟರ್ ದೂರದಲ್ಲಿ ಹೊಳೆಯುವ ಒಂದು ಗೆರೆ. ಅವರಲ್ಲಿ ಯಾರೂ ಜಗಳ ಆಡಲಿಲ್ಲ. ಎರಡನೇ ಸಲ ಬರಲೂ ಇಲ್ಲ.

ಹಿನ್ನೀರು ಎಂದರೆ ಕೆರೆಯಲ್ಲ. ಇದು ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಕರೆಂಟಿಗಾಗಿ ಕೂಡಿಟ್ಟ ನೀರು. ಪೂರ್ತಿ ತುಂಬಿದರೆ ಸಮುದ್ರ ಮಟ್ಟದಿಂದ 1819 ಅಡಿ. ಮಳೆಗಾಲದಲ್ಲಿ ಏರುತ್ತದೆ, ಆಮೇಲೆ ಕರೆಂಟ್ ತೆಗೆದಷ್ಟೂ ಇಳಿಯುತ್ತಾ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಜೂನ್ ಹೊತ್ತಿಗೆ 60–70 ಅಡಿ ಇಳಿಯುವುದೂ ಉಂಟು. ನಮ್ಮ ಕಡೆ ದಂಡೆ ಬಹಳ ಮಟ್ಟಸ. ನೀರು ಒಂದು ಅಡಿ ಏರಿದರೆ ದಂಡೆಯ ಮೇಲೆ ನಲವತ್ತು ಅಡಿ ಮುಂದೆ ಬರುತ್ತದೆ. ಒಂದು ಅಡಿ ಇಳಿದರೆ ಅಷ್ಟೇ ಹಿಂದೆ ಹೋಗುತ್ತದೆ. ಐದು ವರ್ಷ ನಾವು ಈ ಅಂಚಿನ ಹಿಂದೆ ಟೆಂಟ್ ಹೊತ್ತುಕೊಂಡು ಓಡಾಡಿದ್ದೇವೆ. ನವೆಂಬರ್‌ನಲ್ಲಿ ಒಂದು ಜಾಗ, ಜನವರಿಯಲ್ಲಿ ಇನ್ನೊಂದು. ಗೂಟ ಕಿತ್ತು ಗೂಟ ಹೊಡೆಯುವುದೇ ಕೆಲಸವಾಗಿತ್ತು.

ಓಡಾಟದ ಶ್ರಮ ಹಾಗಿರಲಿ. ಜಾಗ ಬಿಡಬೇಕು ಎಂದು ನಿಜವಾಗಿ ಅನ್ನಿಸಿದ್ದು ಎರಡು ವರ್ಷದ ಹಿಂದಿನ ಒಂದು ರಾತ್ರಿ. ಅಕ್ಟೋಬರ್, ನೀರು ಹೆಚ್ಚುಕಡಿಮೆ ತುಂಬಿತ್ತು. ಮಳೆಗಾಲ ಮುಗಿಯಿತು ಎಂದುಕೊಂಡಿದ್ದೆವು. ಮಧ್ಯಾಹ್ನ ಬಿಸಿಲು, ಸಂಜೆಗೆ ಗುಡುಗು, ರಾತ್ರಿಯಿಡೀ ಮಳೆ. ಹೀಗೆ ಎರಡು ದಿನ. ನೀರು ಏರಿದ್ದು ಬರೀ ಅರ್ಧ ಅಡಿ. ಅದು ದಂಡೆಯ ಮೇಲೆ ಇಪ್ಪತ್ತು ಅಡಿ. ಮುಂದಿನ ಸಾಲಿನ ಟೆಂಟ್‌ಗಳು ನೀರಿನಿಂದ ಹದಿನೈದೇ ಅಡಿ ದೂರದಲ್ಲಿದ್ದವು, ಮೇಲೆ ಗಾಳಿಗೆ ಎದ್ದ ಅಲೆ ಬೇರೆ. ಬೆಳಗಿನ ಜಾವ ಮೂರು ಗಂಟೆಗೆ ಆರು ವರ್ಷದ ಒಂದು ಮಗು ಎದ್ದು, "ಅಮ್ಮಾ, ಹಾಸಿಗೆ ಒದ್ದೆಯಾಗಿದೆ" ಎಂದಿತು. ತಾಯಿ ಮಗುವೇ ಒದ್ದೆ ಮಾಡಿಕೊಂಡಿದೆ ಎಂದುಕೊಂಡು ಬಟ್ಟೆ ಹುಡುಕಲು ಕಾಲು ಕೆಳಗಿಟ್ಟರು. ನೀರು ಪಾದ ಮುಚ್ಚುವಷ್ಟು ಇತ್ತು.

ಯಾರಿಗೂ ಏನೂ ಆಗಲಿಲ್ಲ. ಎಲ್ಲರನ್ನೂ ಮನೆಯ ಜಗಲಿಗೆ ಕರೆತಂದು ಕಾಫಿ ಕೊಟ್ಟೆವು, ಬೆಳಿಗ್ಗೆ ದುಡ್ಡು ವಾಪಸ್ ಕೊಟ್ಟೆವು. ಆದರೆ ಆ ಗಂಡ ಹೆಂಡತಿ ಹೊರಡುವಾಗ ಕೇಳಿದ ಒಂದು ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ: "ನೀರು ಎಲ್ಲಿಯವರೆಗೆ ಬರುತ್ತದೆ ಅಂತ ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿತ್ತು. ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ದಂಡೆಯಲ್ಲಿ ನಡೆಯುತ್ತಾ ಬಂದರೆ ಒಂದು ಕಡೆ ಹಳೆಯ ಮರಗಳು ಶುರುವಾಗುತ್ತವೆ. ಅದರಿಂದ ಕೆಳಗೆ ಹಳೆಯ ಮರ ಒಂದೂ ಇಲ್ಲ, ಬರೀ ಕಪ್ಪು ಬೊಡ್ಡೆಗಳು. ನೀರು ತುಂಬಿದಾಗ ಬಂದು ನಿಲ್ಲುವ ಗೆರೆ ಅದೇ. ಅದರ ಕೆಳಗಿನ ನೆಲ ಯೋಜನೆಗೆ ಹೋದ ನೆಲ. ನಮ್ಮ ಅಜ್ಜಂದಿರದ್ದು ಆಗಿತ್ತು, 1964ರಲ್ಲಿ ಅಣೆಕಟ್ಟು ಆದ ಮೇಲೆ ಅಲ್ಲ. ಅಲ್ಲಿ ಟೆಂಟ್ ಹಾಕುವ ಹಕ್ಕು ನಮಗಿರಲಿಲ್ಲ. ಯಾರೂ ಕೇಳಲಿಲ್ಲ, ನಾವೂ ಸುಮ್ನೆ ಹಾಕುತ್ತಾ ಬಂದೆವು. ಮುಳುಗಡೆಯ ಕಥೆಯನ್ನು ರಾತ್ರಿ ಬೆಂಕಿಯ ಮುಂದೆ ನಿಮಗೆ ಹೇಳುತ್ತಿದ್ದವರೇ ನಾವು. ಅದೇ ನೀರು ಮತ್ತೆ ಏರಬಹುದು ಎನ್ನುವುದನ್ನು ಮರೆತಿದ್ದೆವು.

ಇನ್ನು ಬೇಸಿಗೆಯ ಮಾತು. ನೀರು ಇಳಿದ ಮೇಲೆ ದಂಡೆ ನೋಡಲು ಚಂದ. ಹಳೇ ಮನೆಗಳ ಅಡಿಪಾಯ, ಮೆಟ್ಟಿಲು, ತುಳಸಿಕಟ್ಟೆಯ ಕಲ್ಲು ಎಲ್ಲ ಕಾಣುತ್ತವೆ. ನೀರು ತೀರಾ ಕೆಳಗೆ ಹೋದ ವರ್ಷ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೇ ಮೇಲೆ ಬರುತ್ತದೆ. ಜೋಗದ ಮೊದಲ ವಿದ್ಯುತ್ ಮನೆಗೆಂದು ಕಟ್ಟಿದ್ದು, ಲಿಂಗನಮಕ್ಕಿ ಬಂದು ಅದನ್ನೂ ಮುಳುಗಿಸಿತು. ನೋಡಬೇಕಾದ ಜಾಗವೇ. ಆದರೆ ಆ ಬಯಲಿನಲ್ಲಿ ಮೇಲೆ ಒಣಗಿದಂತೆ ಕಾಣುವ ಕೆಸರು ಒಳಗೆ ಹಸಿಯಾಗಿಯೇ ಇರುತ್ತದೆ. ಮೊಣಕಾಲವರೆಗೆ ಹುಗಿದುಕೊಂಡ ಹುಡುಗರನ್ನು ನಾವು ಹಲಗೆ ಹಾಕಿ ಎಳೆದಿದ್ದೇವೆ. ಹೂಳು ತುಂಬಿದ ಹಳೇ ಬಾವಿಗಳೂ ಇವೆ. ದನ ಮೇಯಿಸುವವರಿಗೆ ಯಾವುದು ಎಲ್ಲಿ ಎಂದು ಗೊತ್ತು, ಬೆಂಗಳೂರಿನಿಂದ ಬಂದವರಿಗೆ ಹೇಗೆ ಗೊತ್ತಾಗಬೇಕು? ಇನ್ನು ಮುಂದೆ ಬೇಸಿಗೆಯಲ್ಲಿ ಆ ಕಡೆ ಹೋಗುವುದಾದರೆ ನಮ್ಮಲ್ಲಿ ಒಬ್ಬರು ಜೊತೆಗೆ ಬರುತ್ತಾರೆ. ಒಬ್ಬೊಬ್ಬರೇ ಹೋಗುವಂತಿಲ್ಲ.

ನೀರಿನ ಕೆಳಗಿನ ಬೊಡ್ಡೆಗಳದ್ದೂ ಅದೇ ಕತೆ. ತುಂಬಿದಾಗ ಕಾಣುವುದಿಲ್ಲ. ದಂಡೆಯಿಂದ ಹಾರಿದರೆ ಕಾಲು ಸಿಕ್ಕುತ್ತದೆ, ಕಯಾಕ್ ತಳ ಹರಿಯುತ್ತದೆ. ಹಾಗಾಗಿ ನೀರಿಗೆ ಇಳಿಯಲು ಬೊಡ್ಡೆ ತೆಗೆದು ಸರಿ ಮಾಡಿಕೊಂಡ ಒಂದೇ ಜಾಗ, ಲೈಫ್ ಜಾಕೆಟ್ ಹಾಕಿಯೇ ಇಳಿಯಬೇಕು. ಕಯಾಕ್ ಬೆಳಿಗ್ಗೆ ಮಾತ್ರ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಇಷ್ಟು ಅಗಲದ ನೀರಿನಲ್ಲಿ ಅಲೆ ಹೇಗಿರುತ್ತದೆ ಎಂದು ಲಾಂಚ್‌ನಲ್ಲಿ (ಜನ, ಗಾಡಿ ದಾಟಿಸುವ ದೊಡ್ಡ ದೋಣಿಯಲ್ಲಿ) ದಾಟಿದವರಿಗೆ ನೆನಪಿರಬಹುದು.

ಲಾಂಚ್ ಎಂದಾಗ ಸೇತುವೆಯ ಮಾತು ಬರಲೇಬೇಕು. 2025ರ ಜುಲೈನಲ್ಲಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆಯಿತು. ನಮಗೆ ಅದು ಎಷ್ಟು ದೊಡ್ಡ ವಿಷಯ ಎಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಕೊನೆಯ ಲಾಂಚ್ ತಪ್ಪಿದರೆ ಆಚೆ ದಡದಲ್ಲೇ ರಾತ್ರಿ ಕಳೆಯುತ್ತಿದ್ದ ಊರು ಇದು. ಹೆರಿಗೆ ನೋವು ಬಂದವರನ್ನು ಕೂರಿಸಿಕೊಂಡು ಲಾಂಚ್‌ಗೆ ಕಾದವರಿದ್ದಾರೆ. ಸೇತುವೆಯ ಮೇಲೆ ನಮಗೆ ಯಾವ ದೂರೂ ಇಲ್ಲ. ಆದರೆ ಮೊದಲು ಕತ್ತಲಾದ ಮೇಲೆ ಇಲ್ಲಿಗೆ ಯಾರೂ ಹೊಸಬರು ಬರುತ್ತಿರಲಿಲ್ಲ. ಈಗ ರಾತ್ರಿ ಹನ್ನೊಂದಕ್ಕೆ ಕಾರು ಬಂದು ದಂಡೆಯಲ್ಲಿ ನಿಲ್ಲುತ್ತದೆ, ಸ್ಪೀಕರ್ ಹಾಡುತ್ತದೆ, ಬೆಳಿಗ್ಗೆ ಬಾಟಲಿ ಉಳಿಯುತ್ತದೆ. ಅದರಲ್ಲಿ ನಮ್ಮ ಗ್ರಾಹಕರು ಎಷ್ಟು, ಬೇರೆಯವರು ಎಷ್ಟು ಎಂದು ಹೇಳುವುದು ಕಷ್ಟ. ನಮ್ಮ ಟೆಂಟ್ ಅಲ್ಲಿದ್ದದ್ದಕ್ಕೇ ಆ ಜಾಗ ಗೊತ್ತಾದದ್ದು ಅನ್ನುವುದಂತೂ ನಿಜ. ಒಡೆದ ಬಾಟಲಿ ಮಳೆಗಾಲದಲ್ಲಿ ನೀರಿನಡಿ ಹೋಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಅಲ್ಲಿ ಹಸಿರು ಹುಲ್ಲು ಚಿಗುರುತ್ತದೆ, ಊರಿನ ದನಗಳೆಲ್ಲ ಅಲ್ಲಿಗೇ ಹೋಗುವುದು. ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯ ಗಬ್ಬದ ಹಸುವಿನ ಗೊರಸಿನ ಸಂದಿಗೆ ಗಾಜು ಹೊಕ್ಕು ಒಂದು ತಿಂಗಳು ಕುಂಟಿತು. ಅವರು ನಮಗೆ ಏನೂ ಅನ್ನಲಿಲ್ಲ. ಹಾಲು ತರಲು ಹೋದಾಗ ಹಸುವನ್ನು ತೋರಿಸಿದರು, ಅಷ್ಟೆ.

ಆದ್ದರಿಂದ ಗಾಜಿನ ಬಾಟಲಿ ಇನ್ನು ನಮ್ಮ ಜಾಗದೊಳಗೆ ಬರುವಂತಿಲ್ಲ, ಸ್ಪೀಕರ್ ಕೂಡ. ಇದನ್ನು ಚೌಕಾಸಿ ಮಾಡಬೇಡಿ. ಸಂಜೆ ಆರರ ಒಳಗೆ ಬಂದು ಮುಟ್ಟಿದರೆ ಒಳ್ಳೆಯದು.

ಹೊಸ ಜಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇವೆ, ಅದನ್ನು ಆರಿಸಲು ನಾವು ಇಡೀ ಮಳೆಗಾಲ ತಲೆ ಕೆಡಿಸಿಕೊಂಡಿದ್ದೇವೆ. ಬ್ಯಾಣ ನೀರು ತುಂಬುವ ಗೆರೆಯಿಂದ ಇಪ್ಪತ್ತೈದು ಅಡಿ ಎತ್ತರದಲ್ಲಿದೆ. ಮೊದಲು ನೋಡಿದ್ದು ಇದಲ್ಲ, ಇದರ ಪಕ್ಕದ ಅಕೇಶಿಯ ತೋಪು. ನೆರಳಿತ್ತು, ನೀರೂ ಚೆನ್ನಾಗಿ ಕಾಣುತ್ತಿತ್ತು. ಆದರೆ ಅಕೇಶಿಯ ಮರವನ್ನು ಗಾಳಿಗೆ ನಂಬುವಂತಿಲ್ಲ. ಜುಲೈನಲ್ಲಿ ಹೋಗಿ ನೋಡಿದರೆ ನಾವು ಗುರುತು ಹಾಕಿದ್ದ ಜಾಗದ ಮೇಲೇ ಎರಡು ಮರ ಅಡ್ಡ ಬಿದ್ದಿದ್ದವು. ಇನ್ನೊಂದು ಜಾಗ ತಗ್ಗಿನಲ್ಲಿತ್ತು, ಗುಡ್ಡದ ನೀರೆಲ್ಲ ಅಲ್ಲಿಂದಲೇ ಹರಿಯಿತು. ಅದನ್ನು ಜೋರು ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿದ್ದಕ್ಕೆ ಗೊತ್ತಾಯಿತು. ಬೇಸಿಗೆಯಲ್ಲಿ ನೋಡಿದ್ದರೆ ಅದನ್ನೇ ಆರಿಸುತ್ತಿದ್ದೆವೋ ಏನೋ.

ಈಗ ಆರಿಸಿದ ಜಾಗದಲ್ಲಿ ಪ್ರತಿ ಟೆಂಟಿಗೂ ಜಂಬಿಟ್ಟಿಗೆ ಕಲ್ಲಿನ ಒಂದೂವರೆ ಅಡಿ ಎತ್ತರದ ಕಟ್ಟೆ ಕಟ್ಟಿದ್ದೇವೆ. ಸುತ್ತ ಮಳೆನೀರು ಹೋಗಲು ಕಾಲುವೆ ತೆಗೆದಿದ್ದೇವೆ. ಒಣಗಿದ ಕೊಂಬೆ ಇದ್ದ ಮರಗಳನ್ನು ಸವರಿಸಿದ್ದೇವೆ. ಶೌಚಾಲಯ ಮೊದಲು ದಂಡೆಯ ಹತ್ತಿರವೇ ಇತ್ತು, ನೀರು ತುಂಬಿದಾಗ ಅದರ ಗುಂಡಿಗೂ ನೀರಿಗೂ ಹೆಚ್ಚು ದೂರ ಇರುತ್ತಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿದ್ದೇವೆ. ಈಗ ಅದು ಮನೆಯ ಹಿಂಬದಿಗೆ, ಬಾವಿಯಿಂದಲೂ ದೂರಕ್ಕೆ ಹೋಗಿದೆ. ಗುಡುಗು ಸಿಡಿಲು ಶುರುವಾದರೆ ಎಲ್ಲರೂ ಮನೆಯೊಳಗೆ. ದಂಡೆಯಿಂದ ಮನೆಗೆ ಓಡಿ ಬರಲು ಹೊತ್ತು ಬೇಕಾಗುತ್ತಿತ್ತು. ಬ್ಯಾಣದಿಂದ ಒಂದೇ ನಿಮಿಷ.

ಮಂಗನ ಕಾಯಿಲೆಯ ಬಗ್ಗೆ ಕೆಲವರು ಕೇಳುತ್ತಾರೆ, ಕೇಳದವರಿಗೂ ನಾವೇ ಹೇಳಬೇಕು. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಜ್ವರ ಇದು. 2019ರಲ್ಲಿ ನಮ್ಮ ಸಾಗರ ತಾಲೂಕಿನ ಅರಳಗೋಡು ಕಡೆ ಸಾವುಗಳೂ ಆದವು. ಹರಡುವುದು ಉಣುಗಿನಿಂದ, ಜಾಸ್ತಿ ಡಿಸೆಂಬರ್‌ನಿಂದ ಮೇ ಒಳಗೆ. ಒಣ ತರಗೆಲೆಯ ಮೇಲೆ ಮಲಗುವುದು, ಕೂರುವುದು ಬೇಡ. ಕಟ್ಟೆ ಕಟ್ಟಿದ್ದಕ್ಕೆ ಇದೂ ಒಂದು ಕಾರಣ. ಸುತ್ತಲಿನ ತರಗೆಲೆಯನ್ನು ವಾರಕ್ಕೊಮ್ಮೆ ಗುಡಿಸುತ್ತೇವೆ. ಕಾಡಿನ ಕಡೆ ನಡೆಯಲು ಹೋಗುವವರಿಗೆ ಮೈಗೆ ಹಚ್ಚುವ ತೈಲ ಕೊಡುತ್ತೇವೆ, ಬಂದ ಮೇಲೆ ಬಿಸಿನೀರಿನ ಸ್ನಾನ ಕಡ್ಡಾಯ. ಹತ್ತಿರದಲ್ಲಿ ಎಲ್ಲಾದರೂ ಮಂಗ ಸತ್ತ ಸುದ್ದಿ ಬಂದರೆ ಆ ವಾರದ ಬುಕಿಂಗ್ ನಾವೇ ರದ್ದು ಮಾಡಿ ಪೂರ್ತಿ ಹಣ ಕೊಡುತ್ತೇವೆ.

ನಮ್ಮಲ್ಲಿಗೆ ಬರದೆ ಬೇರೆ ಹೊಳೆ ದಂಡೆಗೆ ಹೋಗುತ್ತೀರಾ, ಸಂತೋಷ. ಆದರೆ ಬುಕ್ ಮಾಡುವ ಮೊದಲು ಒಂದು ಮಾತು ಕೇಳಿ: ಮೇಲೆ ಅಣೆಕಟ್ಟು ಇದೆಯಾ, ಕೆಳಗೆ ಇದೆಯಾ? ನಮ್ಮ ಹಾಗೆ ಅಣೆಕಟ್ಟಿನ ಹಿಂದಿನ ನೀರಾದರೆ ನಿಧಾನಕ್ಕೆ ಏರುತ್ತದೆ, ಇಳಿಯುತ್ತದೆ. ಅಣೆಕಟ್ಟಿನ ಕೆಳಗಿನ ಹೊಳೆಯ ಲೆಕ್ಕ ಬೇರೆ. ದಾಂಡೇಲಿ ಕಡೆ ಕಾಳಿ ನದಿಯಲ್ಲಿ ಸೂಪಾ ಅಣೆಕಟ್ಟಿನಿಂದ ಕರೆಂಟಿಗೆ ನೀರು ಬಿಟ್ಟರೆ ಗಣೇಶಗುಡಿಯ ಹತ್ತಿರ ಹೊಳೆ ನೋಡನೋಡುತ್ತಲೇ ಏರುತ್ತದೆ. ಅಲ್ಲಿ ಮಳೆ ಬರಬೇಕೆಂದೇನೂ ಇಲ್ಲ. ನೀರು ಬಿಡುವ ಸಮಯ ಗೊತ್ತಿರುವವರ ಹತ್ತಿರ ಮಾತ್ರ ಉಳಿಯಿರಿ. ಫೋಟೊ ಕಳಿಸಿದರೆ ಯಾವ ತಿಂಗಳದ್ದು ಎಂದು ಕೇಳಿ. ನಮ್ಮನ್ನೂ ಕೇಳಿ. ಇನ್ನು ಮುಂದೆ ನಾವು ಕಳಿಸುವ ಪ್ರತಿ ಫೋಟೊದಲ್ಲೂ ತಿಂಗಳು, ಅವತ್ತಿನ ಪೇಪರಿನಲ್ಲಿ ಬಂದ ಲಿಂಗನಮಕ್ಕಿ ಮಟ್ಟ ಎರಡೂ ಬರೆದಿರುತ್ತದೆ.

ನೀರು ಕಾಣುವುದೇ ಇಲ್ಲವಾ ಎಂದರೆ, ಕಾಣುತ್ತದೆ. ಕಟ್ಟೆಯ ಮೇಲೆ ಕೂತರೆ ಮರಗಳ ಸಂದಿಯಲ್ಲಿ. ದಂಡೆಗೆ ಅಕ್ಟೋಬರ್‌ನಲ್ಲಿ ಐದು ನಿಮಿಷದ ದಾರಿ, ಏಪ್ರಿಲ್‌ನಲ್ಲಿ ಕಾಲು ಗಂಟೆ. ಸೂರ್ಯ ಮುಳುಗುವುದನ್ನು ದಂಡೆಯಲ್ಲೇ ಕೂತು ನೋಡಿ, ಕತ್ತಲಾಗುವ ಮೊದಲು ಒಟ್ಟಿಗೆ ಮೇಲೆ ಬರೋಣ. ಊಟ ಜಗಲಿಯಲ್ಲಿ. ಕೊಟ್ಟೆ ಕಡುಬು, ತಂಬುಳಿ ಮೊದಲಿನಂತೆಯೇ ಇವೆ, ಮಾವಿನ ಮಿಡಿ ಸಿಗುವ ಹೊತ್ತಿಗೆ ಬಂದವರಿಗೆ ಅಪ್ಪೆಹುಳಿ.

ದರದ ವಿಷಯ. ಒಬ್ಬರಿಗೆ ಒಂದು ರಾತ್ರಿಗೆ 1,600 ರೂಪಾಯಿ ಇದ್ದದ್ದು ಅಕ್ಟೋಬರ್‌ನಿಂದ ಜನವರಿವರೆಗೆ ಹಾಗೇ ಇರುತ್ತದೆ. ಫೆಬ್ರವರಿಯಿಂದ ಮೇವರೆಗೆ 1,200. ನೀರು ದೂರ ಹೋದ ಮೇಲೂ ಅದೇ ದುಡ್ಡು ಕೇಳುವುದು ನಮಗೇ ಸರಿ ಕಾಣಲಿಲ್ಲ. ಎರಡು ಟೆಂಟ್ ಕಡಿಮೆ, ಕಟ್ಟೆಯ ಖರ್ಚು ಬೇರೆ, ಹೇಗೆ ನಡೆಸುತ್ತೀರಿ ಎಂದು ಕೇಳಬೇಡಿ. ಐದು ಮನೆಯವರು ಸೇರಿ ನಡೆಸುವುದು, ಅಡಿಕೆ ಇದೆ, ಹೇಗೋ ಆಗುತ್ತದೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಈ ಬದಲಾವಣೆ ಬೇಡ ಅನ್ನಿಸಿದರೆ ಸೆಪ್ಟೆಂಬರ್ 20ರ ಒಳಗೆ ಒಂದು ಮೆಸೇಜ್ ಹಾಕಿ. ಕಾರಣ ಹೇಳಬೇಕಾಗಿಲ್ಲ. ಪೂರ್ತಿ ಹಣ ಒಂದು ವಾರದಲ್ಲಿ ನಿಮ್ಮ ಖಾತೆಗೆ ಬರುತ್ತದೆ. ಬರುತ್ತೇವೆ ಎನ್ನುವವರು ಟಾರ್ಚ್, ಉದ್ದ ತೋಳಿನ ಅಂಗಿ, ಹಿಡಿತ ಇರುವ ಚಪ್ಪಲಿ ತನ್ನಿ. ಅಕ್ಟೋಬರ್ ಮೊದಲ ವಾರ ಬರುವವರಿಗೆ ಉಂಬಳ (ಜಿಗಣೆ) ಇನ್ನೂ ಇರುತ್ತವೆ. ಉಪ್ಪು, ಸುಣ್ಣ ನಮ್ಮಲ್ಲಿದೆ.

ಆ ರಾತ್ರಿ ಒದ್ದೆಯಾದ ಮನೆಯವರಿಗೆ ಈ ಪತ್ರವನ್ನು ಎಲ್ಲರಿಗಿಂತ ಮೊದಲು ಕಳಿಸಿದ್ದೆವು. ಡಿಸೆಂಬರ್ ರಜೆಗೆ ಎರಡು ದಿನ ಕೇಳಿದ್ದಾರೆ. ಮಗುವಿಗೆ ಈಗ ಎಂಟು ವರ್ಷ, ನೀರು ಎಲ್ಲಿಯವರೆಗೆ ಬರುತ್ತದೆ ಎಂದು ತಾನೇ ನೋಡಬೇಕಂತೆ. ಗೆರೆ ತೋರಿಸಲು ನಾವು ಕರೆದುಕೊಂಡು ಹೋಗುತ್ತೇವೆ.

ಇಂತಿ,
ಶರಾವತಿ ಹಿನ್ನೀರಿನ ಐದು ಮನೆಯವರು
ಸಾಗರ ತಾಲೂಕು